ನೀರಕ್ಕನ ಚೊಂಬು

ಸೋಪು ಹಾಕಿ ಉಜ್ಜಿದ್ದಾಯಿತು, ನಿಂಬೆಹೋಳು ಹಿಂಡಿ ತಿಕ್ಕಿದ್ದಾಯಿತು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ್ದೂ ಆಯಿತು. ಅಜ್ಜಿಯ ಎಡಗೈ ಹೆಬ್ಬೆರಳಿನ ಗೆರೆಗಳಲ್ಲಿ ನೀಲಿ ಮಸಿ ಹಾಗೇ ಕೂತಿತ್ತು. ಮೇಲಿನದು ಹೋಗಿತ್ತು. ಗೆರೆಯೊಳಗಿನದು ಹೋಗಿರಲಿಲ್ಲ. ಎಪ್ಪತ್ತು ವರ್ಷ ಮಣ್ಣಲ್ಲಿ ಸೊಪ್ಪು ಕಿತ್ತ ಬೆರಳು ಅದು, ಅಡ್ಡಡ್ಡ ಉದ್ದುದ್ದ ಸೀಳಿಹೋಗಿತ್ತು, ಸೀಳಿನ ತಳದಲ್ಲೆಲ್ಲ ಮಸಿ. ಶಶಿರೇಖಾ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಅಜ್ಜಿಯ ಮುಖ ನೋಡದೆ, ಆ ಕೈಯನ್ನು ಹೊದಿಕೆಯ ಮೇಲೆ ಮೆಲ್ಲಗೆ ಇಟ್ಟಳು. ಇಟ್ಟ ಕೂಡಲೇ ಕೈ ಮುಚ್ಚಿಕೊಂಡಿತು. ಮೊದಲು ಹೆಬ್ಬೆರಳು ಅಂಗೈಯೊಳಗೆ ಮಡಿಚಿಕೊಂಡಿತು, ಆಮೇಲೆ ನಾಲ್ಕು ಬೆರಳುಗಳು ಒಂದೊಂದಾಗಿ ಬಂದು ಅದರ ಮೇಲೆ ಕೂತವು.

"ಹೋಯ್ತೇನೇ?" ನಡುಮನೆಯಿಂದ ಅಣ್ಣ ದೀಪಕ್ ಕೇಳಿದ. ಕಿಟಕಿಗೆ ಕನ್ನಡಿ ಒರಗಿಸಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ. ಮಾತು ಬಾಯಿಯ ಒಂದೇ ಮಗ್ಗುಲಿಂದ ಬಂತು.

"ಸ್ವಲ್ಪ ಇದೆ ಅಣ್ಣ."

"ಸ್ವಲ್ಪ ಅಂದ್ರೆ?"

"ಗೆರೆ ಒಳಗೆ."

"ಗೆರೆ ಒಳಗಿದ್ರೂ ಕಾಣ್ಸುತ್ತೆ ಕಣೇ. ಸಾಹೇಬ್ರೇನು ಕುರುಡ್ರಾ? ಹನ್ನೆರಡಕ್ಕೆ ಬರ್ತಾರೆ, ಅಷ್ಟ್ರಲ್ಲಿ ಏನಾದ್ರೂ ಮಾಡು. ನೀನು ಜಾಣೆ, ಮಾಡ್ತೀಯ."

ಜಾಣೆ ಅಂದದ್ದಕ್ಕೆ ಎದೆಯಲ್ಲಿ ಏನೋ ಸಣ್ಣಗೆ ಬೆಚ್ಚಗಾಯಿತು. ಬೆಚ್ಚಗಾದದ್ದು ಗೊತ್ತಾಗಿ ನಾಚಿಕೆಯಾಯಿತು. ನಿನ್ನೆಯೂ ಹೀಗೇ ಆಗಿತ್ತು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ಈ ಎಂಟು ವರ್ಷದಲ್ಲಿ ಅವಳನ್ನು ಜಾಣೆ ಅಂದವರು ಯಾರೂ ಇರಲಿಲ್ಲ. ಪಾಪದ ಹುಡುಗಿ ಅಂದಿದ್ದರು, ಬಾಯಿಲ್ಲದ್ದು ಅಂದಿದ್ದರು, ಇದ್ದೀಯೇನಮ್ಮ ಮನೆಯೊಳಗೆ ಅಂತ ಅವಳು ಎದುರಿಗೇ ಕೂತಿದ್ದಾಗ ಕೇಳಿದ್ದರು. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ದೀಪಕ್ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, "ಶಶಿ, ಇದು ನಿನ್ನಿಂದ ಮಾತ್ರ ಆಗೋದು, ಬಾ" ಅಂದಾಗ, ಏನು ಅಂತ ಕೇಳದೆ, ಅವರೆಕಾಳಿನ ನೀರು ತೊಟ್ಟಿಕ್ಕುತ್ತಿದ್ದ ಕೈಯಲ್ಲೇ ಎದ್ದು ಹೋಗಿದ್ದಳು.

ಮನೆಯೂ ಹಿತ್ತಲೂ ಹಿತ್ತಲಿನ ಬಾವಿಯೂ ಅಜ್ಜಿ ಸಪ್ಪಲಮ್ಮನ ಹೆಸರಲ್ಲಿದ್ದವು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮನೆಯಲ್ಲಿ ಉಳಿದವರು ಮೂವರೇ. ಎಲ್ಲವನ್ನೂ ಮೊಮ್ಮಗ ದೀಪಕ್‌ಗೆ ಮನಸಾರೆ ಕೊಟ್ಟಿದ್ದೇನೆ ಅಂತ ಅಜ್ಜಿ ಹೇಳಿದ ಹಾಗೆ ಬರೆದ ಪತ್ರವೊಂದು ಈಗ ದೀಪಕ್‌ನ ಬೀರುವಿನಲ್ಲಿತ್ತು. ಪತ್ರದ ತಾರೀಖು ದೀಪಾವಳಿಗೆ ಮೊದಲಿನದು, ಅಜ್ಜಿ ಇನ್ನೂ ಓಡಾಡಿಕೊಂಡು ಬೈದುಕೊಂಡು ಇದ್ದ ಕಾಲದ್ದು. ದೀಪಾವಳಿ ಆದ ಮಾರನೆಯ ದಿನ ಬಚ್ಚಲೊಲೆಯ ಮುಂದೆ ಬಿದ್ದಳು. ಬಲಗಡೆ ಸ್ವಾಧೀನ ತಪ್ಪಿತು, ಮಾತು ನಿಂತಿತು. ಪತ್ರದ ಪ್ರಕಾರ ಅಜ್ಜಿ ಹೆಬ್ಬೆಟ್ಟು ಒತ್ತಿ ಎರಡು ತಿಂಗಳಾಗಿತ್ತು. ನಿಜವಾಗಿ ಒತ್ತಿದ್ದು ನಿನ್ನೆ. "ಎರಡು ತಿಂಗಳ ಹಿಂದೆ ಒತ್ತಿದ ಬೆರಳಲ್ಲಿ ಹಸಿ ಮಸಿ ಇದ್ರೆ ಚೆನ್ನಾಗಿರಲ್ಲಮ್ಮ ತಾಯಿ, ತೊಳೆದುಬಿಡು" ಅಂತ ಪತ್ರ ಬರೆಯುವ ಲಕ್ಷ್ಮಯ್ಯ ಇಂಕ್ ಪ್ಯಾಡಿನ ಮುಚ್ಚಳ ಹಾಕುತ್ತ ನಕ್ಕಿದ್ದ. ಇವತ್ತು ಸಬ್ ರಿಜಿಸ್ಟ್ರಾರ್ ಸಾಹೇಬರು ಹಾಸಿಗೆ ಹಿಡಿದವರಿಗೋಸ್ಕರ ಮನೆಗೇ ಬರುತ್ತಾರೆ. ಅಜ್ಜಿಯನ್ನು ನೋಡುತ್ತಾರೆ, ಪುಸ್ತಕದಲ್ಲಿ ಇನ್ನೊಂದು ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ, ಸಾಕ್ಷಿಯನ್ನು ಕೇಳುತ್ತಾರೆ. ಸಾಕ್ಷಿ ಶಶಿರೇಖಾ. ಅವಳು ಹೇಳಬೇಕಾದದ್ದನ್ನು ದೀಪಕ್ ಮೂರು ಸಲ ಹೇಳಿಕೊಟ್ಟಿದ್ದ: ಓದಿ ಹೇಳಿದ್ರು, ಅಜ್ಜಿ ಕೇಳ್ಕೊಂಡು ಒತ್ತಿದ್ರು, ನಾನು ನೋಡ್ದೆ. ಅಷ್ಟೆ. ಸ್ಕೂಲಿನಲ್ಲಿ ಪದ್ಯ ಒಪ್ಪಿಸುವ ಮುಂಚೆ ಆಗುತ್ತಿದ್ದ ಹಾಗೆ ನಾಲಿಗೆ ಆ ಮೂರು ಮಾತನ್ನೇ ಹೊರಳಿಸುತ್ತಿತ್ತು. ಕೇಳ್ಕೊಂಡು ಒತ್ತಿದ್ರು. ಒತ್ತಿದ್ರು, ಕೇಳ್ಕೊಂಡು.

ಎಂಟು ಗಂಟೆಗೆ ಹಿತಕಿದ ಬೇಳೆಯ ಡಬ್ಬಿ ಹಿಡಿದು ಹೊರಟಳು. ಅವರೆಕಾಲದಲ್ಲಿ ಬಸವನಗುಡಿಯ ನಾಲ್ಕು ಮನೆಗೆ ಅವಳೇ ಬೇಳೆ ಹಿತಕಿ ಕೊಡುತ್ತಿದ್ದಳು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಡಿಸೆಂಬರ್ ಪೂರ್ತಿ ಅವಳ ಹೆಬ್ಬೆರಳು ನೀರಲ್ಲಿ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಇವತ್ತು ಅದರಲ್ಲೂ ನೀಲಿಯಿತ್ತು. ನಿನ್ನೆ ಅಜ್ಜಿಯ ಬೆರಳು ಹಿಡಿದು ಒತ್ತಿಸುವಾಗ ಹತ್ತಿದ್ದು. ಡಬ್ಬಿಯನ್ನು ಸೆರಗಿನ ಮರೆಯಲ್ಲಿ ಹಿಡಿದು ಗಲ್ಲಿ ದಾಟಿದಳು. ಕಾರ್ಪೊರೇಷನ್ ಬೋರ್ಡಿನಲ್ಲಿ ಅದು ಹನುಮಂತನಗರದ ಯಾವುದೋ ಒಂದು ಕ್ರಾಸು. ಒಳಗಿನವರಿಗೆ ಇನ್ನೂ ಹೊಂಗೆಹಳ್ಳಿ. ಬಡಾವಣೆಗಳು ಬರುವ ಮೊದಲು ಅಲ್ಲಿ ಇದ್ದದ್ದು ಇಪ್ಪತ್ತು ಮನೆ, ಸೊಪ್ಪಿನ ತೋಟ, ಎತ್ತು ಕಟ್ಟಿ ಕಪಿಲೆ ಹೊಡೆಯುವ ಬಾವಿಗಳು. ತೋಟಗಳೆಲ್ಲ ರಸ್ತೆಯಾದವು, ಬಾವಿಗಳೆಲ್ಲ ಮುಚ್ಚಿಹೋದವು. ಅವರ ಹಿತ್ತಲಿನದೊಂದು ಉಳಿಯಿತು. ಅದನ್ನು ಮುಚ್ಚಲು ಯಾರಿಗೂ ಧೈರ್ಯವಿರಲಿಲ್ಲ, ಅದಕ್ಕೆ ಉಳಿಯಿತು.

ಆಂಡಾಳಮ್ಮನವರ ಮನೆಯಲ್ಲಿ ಧನುರ್ಮಾಸದ ಪೂಜೆ ಮುಗಿದು ಹುಗ್ಗಿಯ ವಾಸನೆ ಜಗುಲಿಯ ತನಕ ಬಂದಿತ್ತು. ರಿಟೈರಾದ ಟೀಚರು, ಶಶಿಗೆ ಏಳನೇ ಕ್ಲಾಸಿನಲ್ಲಿ ಸಮಾಜ ಹೇಳಿಕೊಟ್ಟವರು. ಡಬ್ಬಿ ತೆಗೆದುಕೊಳ್ಳುವಾಗ ಅವರ ಕಣ್ಣು ನೆಟ್ಟಗೆ ಬೆರಳಿಗೇ ಹೋಯಿತು. ಮೂವತ್ತು ವರ್ಷ ಮಕ್ಕಳ ಕೈ ನೋಡಿದ ಕಣ್ಣು.

"ಏನೇ ಶಶಿ ಇದು, ಕೈಗೆಲ್ಲ ಇಂಕು? ಪರೀಕ್ಷೆಗಿರೀಕ್ಷೆ ಬರೀತಿದೀಯಾ?" ಅಂದು ತಾವೇ ನಕ್ಕರು. ಒಳಗೆ ಯಾರೋ ನಕ್ಕರು, ಸೊಸೆಯಿರಬೇಕು. ಶಶಿಯೂ ನಕ್ಕಳು. ನಗಬೇಕಾದ ಕಡೆ ನಗುವುದು ಅವಳಿಗೆ ಅಭ್ಯಾಸವಾಗಿತ್ತು.

"ಅಲ್ಲಮ್ಮ. ಪೆನ್ನು ಒಡೆದೋಯ್ತು."

"ಯಾರ ಪೆನ್ನು?"

"ಅಣ್ಣಂದು."

"ಹೂಂ. ಅಜ್ಜಿ ಹೇಗಿದಾಳೆ? ಮಾತು ಬಂತಾ?" ಅವರು ಡಬ್ಬಿ ಖಾಲಿ ಮಾಡಲು ಒಳಗೆ ಹೋಗುತ್ತ ಕೇಳಿದರು. "ಇಲ್ವಾ. ಪಾಪ. ಎಂಥ ಬಾಯಿ ಇತ್ತು ಅವಳಿಗೆ! ಗಾಂಧಿ ಬಜಾರಲ್ಲಿ ಒಂದು ಕಟ್ಟು ಮೆಂತ್ಯಕ್ಕೆ ಚೌಕಾಸಿ ಮಾಡಿದ್ರೆ ನನ್ನ ಕೈಯಿಂದ ಕಿತ್ಕೊಂಡುಬಿಡೋಳು. ಆಮೇಲೆ ನಿಮ್ಮ ಹಿತ್ತಲ ದೆವ್ವಕ್ಕೆ ಯಾರೇ ನೀರಿಡೋದು ಈಗ? ನೀರಕ್ಕ ಅಲ್ವೇ ಅದರ ಹೆಸರು?"

"ನಾನೇ ಇಡ್ತೀನಮ್ಮ."

"ಇಡು ಇಡು. ಬಿಡಬೇಡ. ಪ್ಲೇಗಿನಲ್ಲಿ ಹೋದವಳಂತೆ, ನಮ್ಮತ್ತೆ ಹೇಳೋರು. ಜ್ವರದ ಬಾಯಾರಿಕೆ ಅದು, ಸತ್ತ ಮೇಲೂ ಹೋಗಲಿಲ್ಲ. ಮಟಮಟ ಮಧ್ಯಾಹ್ನ ಬಾಗಿಲಿಗೆ ಬಂದು ನೀರು ಕೊಡಿ ಅವ್ವಾ ಅಂತಾಳೆ, ಚೊಂಬನ್ನ ಕೈಗೆ ಕೊಟ್ರೆ ಕೊಟ್ಟವರ ಹೆಬ್ಬೆರಳೇ ಹಿಡ್ಕೊಂಡು ಹೋಗಿಬಿಡ್ತಾಳೆ. ನೀವು ಹೊಂಗೆಹಳ್ಳಿ ಹುಡುಗ್ರು ಕ್ಲಾಸಲ್ಲೂ ಹೆಬ್ಬೆರಳು ಮುಚ್ಕೊಂಡು ಕೂರ್ತಿದ್ರಿ, ಬಳಪ ಹಿಡಿಸೋಕೆ ಸಾಕುಸಾಕಾಗ್ತಿತ್ತು ನಂಗೆ!" ಮತ್ತೆ ನಕ್ಕು, ಖಾಲಿ ಡಬ್ಬಿಯಲ್ಲಿ ಒಂದು ಸೌಟು ಹುಗ್ಗಿ ಹಾಕಿ ಕೊಟ್ಟರು. ಕೊಡುವಾಗ ಸ್ವಲ್ಪ ಮೇಲಿನಿಂದಲೇ ಬಿಟ್ಟರು, ಕೈ ತಗಲದ ಹಾಗೆ. ಅದೂ ಅಭ್ಯಾಸವೇ.

ಹೂಂ ಅಮ್ಮ, ಬಾಯಾರಿಕೆ, ಅಂದಳು ಶಶಿ. ಬಾಯಾರಿದವಳಿಗೆ ಸೀಗೆಕಾಯಿ ಯಾಕೆ ಅಂತ ಹೊಂಗೆಹಳ್ಳಿಯಲ್ಲಿ ಯಾರೂ ಕೇಳಿರಲಿಲ್ಲ. ದಿನಾ ಹನ್ನೆರಡಕ್ಕೆ ಅಜ್ಜಿ ಬಾವಿಯ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಹಿತ್ತಾಳೆ ಚೊಂಬಿನಲ್ಲಿ ನೀರಿಡುತ್ತಿದ್ದಳು, ಪಕ್ಕದಲ್ಲಿ ಒಂದು ಚೂರು ಸೀಗೆಕಾಯಿ. ಎಲ್ಲರೂ ನೋಡಿದ್ದರು. ಯಾರೂ ಕಂಡಿರಲಿಲ್ಲ. ಹತ್ತು ವರ್ಷದ ಶಶಿ ಕಂಡಿದ್ದಳು, ಕಂಡು ಸುಮ್ಮನಿದ್ದಳು. ಕಂಡದ್ದನ್ನು ಇಟ್ಟುಕೊಳ್ಳುವುದು ಬಿಟ್ಟರೆ ಅವಳಿಗೆ ಬೇರೆ ಏನೂ ಬರುತ್ತಿರಲಿಲ್ಲ. ಹದಿನಾರನೇ ವರ್ಷದಲ್ಲಿ ಒಂದು ಮಧ್ಯಾಹ್ನ, ಇಬ್ಬರೂ ಹಿತ್ತಲಲ್ಲಿ ಕೂತು ಕಾಳು ಹಿತಕುತ್ತಿದ್ದಾಗ, "ಅಜ್ಜಿ, ಕುಡಿಯೋಳಿಗೆ ಸೀಗೆಕಾಯಿ ಯಾಕೆ?" ಅಂದುಬಿಟ್ಟಳು. ಅಜ್ಜಿಯ ಬೆರಳ ನಡುವಿನಿಂದ ಚಿಮ್ಮಿದ ಬೇಳೆ ತಟ್ಟೆಗೆ ಬೀಳದೆ ಮಣ್ಣಿಗೆ ಬಿತ್ತು. ಅಜ್ಜಿ ಅದನ್ನು ಎತ್ತಿಕೊಳ್ಳಲಿಲ್ಲ.

"ಕುಡಿಯೋಕಲ್ಲ ಕಣಮ್ಮಿ," ಅಂದಳು. "ಕೈ ತೊಳ್ಕೊಳ್ಳೋಕೆ."

ಬುಲ್ ಟೆಂಪಲ್ ರಸ್ತೆ ದಾಟುವಾಗ ಆಟೋದವನು ಬೈದ, ಶಶಿಗೆ ಕೇಳಿಸಲಿಲ್ಲ. ಪ್ಲೇಗು ಬಂದ ವರ್ಷ, ಅಜ್ಜಿ ಹೇಳಿದ್ದಳು, ಊರವರೆಲ್ಲ ಮನೆ ಬಿಟ್ಟು ಗುಡ್ಡದ ಆಚೆ ಗುಡಿಸಲು ಹಾಕಿಕೊಂಡಿದ್ದರಂತೆ. ನೀರಕ್ಕ ಈ ಮನೆಯ ಮಗಳು, ಚಿಕ್ಕ ವಯಸ್ಸಿಗೆ ಗಂಡ ಸತ್ತು ತವರಿಗೆ ಬಂದಿದ್ದವಳು. ಬಾವಿಯನ್ನೂ ಬಾವಿಯ ಸುತ್ತಲಿನ ತೋಟವನ್ನೂ ಅವಳ ಅಪ್ಪ ಸಾಯುವಾಗ ಅವಳಿಗೆ ಕೊಟ್ಟಿದ್ದ. ಅದೇ ಹೊತ್ತಿಗೆ ಸರ್ಕಾರದವರು ಹೊಸ ಬಡಾವಣೆಗೆ ಭೂಮಿ ಅಳೆಯುತ್ತ ಬಂದರು. ಅವಳ ಇಬ್ಬರು ಅಣ್ಣಂದಿರು ಕೇಳಿದರು, ಅವಳು ಕೊಡಲ್ಲ ಅಂದಳು. ಒಂದು ದಿನ ಮಧ್ಯಾಹ್ನ ಅವಳಿಗೆ ಕಂಕುಳಲ್ಲಿ ಪ್ಲೇಗಿನ ಗಡ್ಡೆ ಎದ್ದಿದೆ ಅಂತ ಊರಿಗೆಲ್ಲ ಹೇಳಿದರು. ಗಡ್ಡೆ ಅಂದರೆ ಸಾಕು, ಯಾರೂ ಹತ್ತಿರ ಬರುತ್ತಿರಲಿಲ್ಲ, ಹೆಣ ನೋಡಲೂ ಬರುತ್ತಿರಲಿಲ್ಲ. ಬಾವಿಗೆ ತಳ್ಳಿ, ಮುಳುಗಿದ ಮೇಲೆ ಎತ್ತಿ, ಚಪ್ಪಡಿಯ ಮೇಲೆ ಮಲಗಿಸಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಮುಷ್ಟಿ ಬಿಗಿದಿತ್ತು. ಬಿಡಿಸಿದರು. ಒದ್ದೆ ಬೆರಳಿಗೆ ಮಸಿ ಹಿಡಿಯಲಿಲ್ಲ. ದೊಡ್ಡಣ್ಣನ ಮಗಳು ಏಳು ವರ್ಷದವಳು ಅಲ್ಲೇ ಇದ್ದಳು. ಒರೆಸೇ ಅಂದರು, ಅವಳು ಲಂಗದ ತುದಿಯಿಂದ ಅತ್ತೆಯ ಬೆರಳು ಒರೆಸಿದಳು. ಆಮೇಲೆ ಆ ಹುಡುಗಿ ತಾನಾಗೇ ಒಂದು ಚೊಂಬು ನೀರೂ ಒಂದು ಸೀಗೆಕಾಯಿಯೂ ತಂದಳಂತೆ, ಅತ್ತೆಯ ಕೈ ಕೊಳೆಯಾಗಿದೆ ಅಂತ. ಅವಳ ಅಪ್ಪ ಚೊಂಬನ್ನು ಒದ್ದ. ಮಸಿ ಬೆರಳಿನಲ್ಲೇ ಹೆಣ ಹೋಯಿತು.

"ಆ ಹುಡುಗೀನೇ ನಮ್ಮತ್ತೆ, ನಿಮ್ಮ ತಾತನ ತಾಯಿ. ಸೋದರಮಾವನಿಗೇ ಕೊಟ್ಟು, ಅವನನ್ನ ಮನೆಯಳಿಯ ಮಾಡ್ಕೊಂಡು ಇದೇ ಮನೇಲಿ ಇಟ್ಕೊಂಡಿದ್ರು. ಸಾಯೋ ತನಕ ದಿನಾ ನೀರಿಟ್ಲು. ಊರೋರು ಬಾಯಾರಿಕೆ ಅಂದ್ಕೊಂಡ್ರು, ಅಂದ್ಕೊಳ್ಳಿ ಅಂತ ಬಿಟ್ಲು. ದೆವ್ವ ಬರುತ್ತೋ ಇಲ್ವೋ ನಾ ಕಾಣೆ ಶಶಿ. ನಂಗೆ ಯಾವತ್ತೂ ಕಂಡಿಲ್ಲ. ನೀರಿಟ್ಟೋಳು ಒಬ್ಬಳನ್ನ ಕಂಡಿದೀನಿ." ಅಜ್ಜಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಎಳೆದುಕೊಂಡಿದ್ದಳು. "ಈ ಬಾವಿ ನಮ್ದಲ್ಲ. ನನ್ನ ಉಸಿರಿರೋ ತನಕ ಮುಚ್ಚಂಗಿಲ್ಲ, ಯಾರಿಗೂ ಬರೆದು ಕೊಡಂಗಿಲ್ಲ. ನಿಮ್ಮಣ್ಣ ಕೇಳ್ತಾನೆ ಒಂದಿನ. ಕೇಳೇ ಕೇಳ್ತಾನೆ."

ನಿನ್ನೆ ದೀಪಕ್ ಕೇಳಿದ್ದು ಅಜ್ಜಿಯನ್ನಲ್ಲ. ಅಜ್ಜಿ ಮಾತ್ರೆಯ ಮಂಪರಿನಲ್ಲಿದ್ದಳು. ಲಕ್ಷ್ಮಯ್ಯ ಮಂಚದ ಪಕ್ಕ ಸ್ಟೂಲಿನ ಮೇಲೆ ಪತ್ರ ಹರಡಿದ್ದ, ದೀಪಕ್ ಅಜ್ಜಿಯ ಎಡಗೈ ಮುಷ್ಟಿಯನ್ನು ಎರಡು ಕೈಯಲ್ಲೂ ಹಿಡಿದು ಬಿಡಿಸಲು ನೋಡಿ ಬೆವತಿದ್ದ. ಅಜ್ಜಿಯ ಸತ್ವವೆಲ್ಲ ಆ ಒಂದು ಕೈಗೆ ಬಂದು ಸೇರಿತ್ತು. "ನಿಂಗೆ ಗೊತ್ತಲ್ಲ ಇದು, ಬಿಡಿಸು" ಅಂದ. ಗೊತ್ತಿತ್ತು. ಮೂರು ವರ್ಷದವಳಿದ್ದಾಗಿನಿಂದ ಆ ಮುಷ್ಟಿಯ ಪಕ್ಕದಲ್ಲೇ ಮಲಗಿದವಳು. ಮಣಿಕಟ್ಟಿನಿಂದ ಬೆರಳಿನ ಗೆಣ್ಣಿನ ತನಕ ಹಿಂಗೈಯನ್ನು ಮೆಲ್ಲಗೆ ಮೂರು ಸಲ ಸವರಿದರೆ ಎಂಥ ನಿದ್ದೆಯಲ್ಲೂ ಅದು ತೆರೆದುಕೊಳ್ಳುತ್ತಿತ್ತು. ಶಶಿಯ ಪುಟ್ಟ ಹೆಬ್ಬೆರಳನ್ನು ಒಳಗೆ ತೆಗೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಒಂದು ಮುಷ್ಟಿಯಲ್ಲಿ ಎರಡು ಹೆಬ್ಬೆರಳು. ಆಮೇಲೆ ಹೆದರಿಕೆಯಿರುತ್ತಿರಲಿಲ್ಲ. ನಿನ್ನೆ ಮೂರು ಸಲ ಸವರಿದಳು. ತೆರೆದುಕೊಂಡಿತು. ಯಾರು ಸವರುತ್ತಿರುವುದು ಅಂತ ಆ ಕೈಗೆ ಗೊತ್ತಿತ್ತು, ಅದಕ್ಕೇ ತೆರೆದುಕೊಂಡಿತು. "ಬೆವರಿದೆ, ಮಸಿ ಹಿಡೀತಿಲ್ಲ, ಒರೆಸು" ಅಂದ ದೀಪಕ್. ಸೆರಗಿನಿಂದ ಒರೆಸಿದಳು. ಲಕ್ಷ್ಮಯ್ಯ "ಭಲೇ" ಅಂದ. ಆಗ ಏನೂ ಅನ್ನಿಸಲಿಲ್ಲ. ಅಥವಾ ಅನ್ನಿಸಿತ್ತು, ಸಂತೋಷ ಅನ್ನಿಸಿತ್ತು. ಗಂಡಸರಿಬ್ಬರಿಂದ ಆಗದ್ದು ತನ್ನಿಂದ ಆಯಿತು ಅಂತ. ಒರೆಸಿದ ಸೆರಗು ನೆನಪಾದದ್ದು, ಆ ಲಂಗದ ತುದಿ ನೆನಪಾದದ್ದು, ಇವತ್ತು ಬೆಳಿಗ್ಗೆ, ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದುವಾಗ. ತಡವಾಗಿ ನೆನಪಾಯಿತೋ, ತಡವಾಗಿ ನೆನಪಾಗಲಿ ಅಂತ ತಾನೇ ಬಿಟ್ಟಿದ್ದಳೋ, ಅದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಹತ್ತೂವರೆ. ದೀಪಕ್ ತನ್ನ ಷಾಮಿಯಾನ ಅಂಗಡಿಯ ಬಾಡಿಗೆ ಕುರ್ಚಿಗಳಲ್ಲಿ ಚೆನ್ನಾಗಿರುವ ನಾಲ್ಕನ್ನು ತಂದು ನಡುಮನೆಯಲ್ಲಿ ಹಾಕಿದ್ದ. ಊದಿನಕಡ್ಡಿ ಹಚ್ಚಿದ್ದ. ಬಿಳಿ ಷರಟು ಹಾಕಿಕೊಂಡು, ಮದುವೆ ಗಂಡಿನ ಹಾಗೆ, ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ನಿಂತಿದ್ದ. ಅವನನ್ನು ಕಂಡು ಅವಳಿಗೆ ಪಾಪ ಅನ್ನಿಸಿತು. ಅಪ್ಪ ತೀರಿಕೊಂಡ ವರ್ಷ ಅವನಿಗಿನ್ನೂ ಹತ್ತೊಂಬತ್ತೇ. ಕಾಲೇಜು ಬಿಟ್ಟು ಜನರ ಮದುವೆಗಳಿಗೆ ಕುರ್ಚಿ ಹೊತ್ತವನು.

"ಹುಗ್ಗಿ ತಿನ್ನಣ್ಣ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಆಮೇಲೆ." ಅವನು ದನಿ ತಗ್ಗಿಸಿದ. "ಶಶಿ, ಹೆದರ್ಕೋಬೇಡ. ಮೂರು ಮಾತು. ಹೇಳು ನೋಡೋಣ."

"ಓದಿ ಹೇಳಿದ್ರು..."

"ಹೂಂ."

"ಅಜ್ಜಿ ಕೇಳ್ಕೊಂಡು..." ಹುಗ್ಗಿಯ ಡಬ್ಬಿಯನ್ನು ಕುರ್ಚಿಯ ಮೇಲಿಟ್ಟಳು.

"ನೋಡು. ಇದು ನಂಗೊಬ್ಬನಿಗೇನಾ? ಆ ಪಾಳು ಬಾವಿ ಮುಚ್ಚಿ ಬಾಡಿಗೆ ಮನೆ ಕಟ್ಟಿಸಿದ್ರೆ ನಿನ್ನ ಮದುವೇನೂ ಅದ್ರಲ್ಲೇ ಆಗೋದು. ಎಷ್ಟು ಜನ ಬಂದು ನೋಡ್ಕೊಂಡು ಹೋದ್ರು ಹೇಳು? ಹಿತ್ತಲಲ್ಲಿ ದೆವ್ವ ಇದೆ ಅಂತಾರೆ, ಹುಡುಗಿಗೆ ಓದಿಲ್ಲ ಅಂತಾರೆ." ಎರಡನೆಯದನ್ನು ಹೇಳಬಾರದಿತ್ತು ಅಂತ ಅವನಿಗೇ ಅನ್ನಿಸಿರಬೇಕು, ಅವಳ ತಲೆಯ ಮೇಲೆ ಕೈಯಿಟ್ಟ. "ನಾನೇನು ಕೊಲೆ ಮಾಡಿದ್ನಾ? ಅಜ್ಜಿ ಮುಂದೆ ಯಾರಿಗೆ ಕೊಡ್ತಿದ್ರು, ನಂಗೇ ತಾನೆ? ಸ್ವಲ್ಪ ಮೊದ್ಲೇ ಅಷ್ಟೆ."

ಹೌದು, ಇವನು ಕೊಲೆ ಮಾಡಿಲ್ಲ, ಅಂದುಕೊಂಡಳು. ಅಜ್ಜಿಯ ಮಂಚದ ಪಕ್ಕ ಕೂತಳು. ಅಜ್ಜಿ ಎಚ್ಚರವಾಗಿದ್ದಳು. ಕಣ್ಣು ಮಾತ್ರ ಹೊರಳುವ ಮುಖ. ಬೆಳಿಗ್ಗೆಯಿಂದ ಶಶಿ ತಪ್ಪಿಸಿಕೊಂಡಿದ್ದ ಕಣ್ಣು. ಈಗ ನೋಡಿದಳು. ಕೋಪವಿದ್ದಿದ್ದರೆ ಸುಲಭವಾಗುತ್ತಿತ್ತು. ಕೋಪವಿರಲಿಲ್ಲ. ಗಾಂಧಿ ಬಜಾರಿನಲ್ಲಿ ತಕ್ಕಡಿ ಹಿಡಿದ ಕೈಯನ್ನು ನೋಡುತ್ತಿದ್ದ ಹಾಗೆ, ಯಾವ ಕಡೆ ವಾಲುತ್ತದೆ ಅಂತ ನೋಡುತ್ತಿದ್ದಳು. ಮುಷ್ಟಿ ಹೊದಿಕೆಯ ಮೇಲಿತ್ತು. ಅದರೊಳಗೆ ನೀಲಿ ಇತ್ತು. ಇನ್ನೊಂದು ಸಲ ತಿಕ್ಕಬಹುದಿತ್ತು. ಅಕ್ಕಿಹಿಟ್ಟು ಮೊಸರು ಹಚ್ಚಿ ನೋಡಬಹುದಿತ್ತು. ಶಶಿ ಏಳಲಿಲ್ಲ. ಗೋಡೆಯ ಗಡಿಯಾರ ಕೇಳಿಸುತ್ತಿತ್ತು. ಏಳದೆ ಕೂತಿರುವುದೂ ಒಂದು ಕೆಲಸ ಅಂತ ಅವಳಿಗೆ ಮೊದಲ ಸಲ ಗೊತ್ತಾಯಿತು; ಬೆನ್ನು ನೋಯುವಷ್ಟು ದೊಡ್ಡ ಕೆಲಸ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಎದ್ದು ಅಡಿಗೆಮನೆಗೆ ಹೋಗಿ ಹಿತ್ತಾಳೆ ಚೊಂಬಿಗೆ ನೀರು ತುಂಬಿದಳು. ಡಬ್ಬದಿಂದ ಒಂದು ಸೀಗೆಕಾಯಿ ತೆಗೆದುಕೊಂಡಳು. ಬೆಳಿಗ್ಗೆ ತಿಕ್ಕುವಾಗ ಇದೊಂದನ್ನು ಮುಟ್ಟಿರಲಿಲ್ಲ, ಮುಟ್ಟಲು ಆಗಿರಲಿಲ್ಲ. ಹಿತ್ತಲ ಬಾಗಿಲ ಅಗಳಿ ತೆಗೆಯುವ ಹೊತ್ತಿಗೆ ಮುಂದುಗಡೆ ಜೀಪು ನಿಂತ ಸದ್ದಾಯಿತು.

"ಬನ್ನಿ ಸಾರ್, ಬನ್ನಿ. ಚಪ್ಪಲಿ ಪರ್ವಾಗಿಲ್ಲ ಸಾರ್." ಲಕ್ಷ್ಮಯ್ಯನ ದನಿ. "ಶಶಿ!" ದೀಪಕ್ ಕೂಗಿದ. ಚೊಂಬು ಕೈಯಲ್ಲಿ ಹಿಡಿದೇ ಒಳಗೆ ಬಂದಳು.

ಸಾಹೇಬರು ಸಣ್ಣ ದೇಹದವರು, ಕನ್ನಡಕದವರು, ನೆಗಡಿಯಾಗಿದ್ದವರು. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು. ಪತ್ರ ಓದಿದರು. ತಾರೀಖಿನ ಮೇಲೆ ಬೆರಳಿಟ್ಟರು, ಮುಂದೆ ಹೋದರು. "ಏನಜ್ಜಿ, ಹೆಸರೇನು?" ಅಂದರು ಜೋರಾಗಿ.

"ಮಾತು ಬರಲ್ಲ ಸಾರ್. ಎಲ್ಲಾ ಅರ್ಥ ಆಗುತ್ತೆ," ಅಂದ ದೀಪಕ್. "ಡಾಕ್ಟ್ರು ಸರ್ಟಿಫಿಕೇಟ್ ಇಟ್ಟಿದೀನಿ."

"ಸರಿ. ಅಜ್ಜಿ, ಮನೆ ಮೊಮ್ಮಗನಿಗೆ ಕೊಟ್ಟಿದೀರಂತೆ. ನಿಮ್ಮ ಇಷ್ಟದಿಂದಲೇ ಕೊಟ್ರಾ? ಹೌದಾದ್ರೆ ಕೈ ಎತ್ತಿ."

ಕೈ ಏಳಲಿಲ್ಲ. ಮುಷ್ಟಿಯ ಗೆಣ್ಣುಗಳು ಬೆಳ್ಳಗಾದವು.

"ನೋಡಿ ಸಾರ್, ಕೈಗೆ ಬಲ ಇಲ್ಲ, ಪಾಪ," ಅಂದ ಲಕ್ಷ್ಮಯ್ಯ. ಇಂಕ್ ಪ್ಯಾಡು ತೆರೆದ. ಅದರ ವಾಸನೆ ಊದಿನಕಡ್ಡಿಯನ್ನು ದಾಟಿ ಶಶಿಯ ಮೂಗಿಗೆ ಬಂತು. "ಹೆಬ್ಬೆಟ್ಟು ಕೊಡ್ತಾರೆ. ಮೊಮ್ಮಗಳು ಹೇಳಿದ್ರೆ ಕೇಳ್ತಾರೆ ಸಾರ್, ಭಾರಿ ಪ್ರೀತಿ."

"ಬಿಡಿಸು ಶಶಿ," ಅಂದ ದೀಪಕ್. ಅವನ ದನಿ ನಿನ್ನೆಯ ಹಾಗೇ ಮೆತ್ತಗಿತ್ತು.

ಶಶಿ ಮಂಚದ ಪಕ್ಕ ನೆಲಕ್ಕೆ ಕೂತಳು. ಚೊಂಬನ್ನು ಸ್ಟೂಲಿನ ಮೇಲೆ, ಪ್ಯಾಡಿನ ಪಕ್ಕದಲ್ಲಿ ಇಟ್ಟಳು. ಎಲ್ಲರೂ ತನ್ನ ಕೈಯನ್ನೇ ನೋಡುತ್ತಿದ್ದಾರೆ ಅಂತ ಗೊತ್ತಾಗಿ ಕಿವಿ ಕಾದವು. ಕ್ಲಾಸಿನಲ್ಲಿ ಎದ್ದು ನಿಂತಾಗ ಹೀಗೇ ಕಾಯುತ್ತಿದ್ದವು, ಬಂದ ಉತ್ತರವೂ ಹೊರಟುಹೋಗುತ್ತಿತ್ತು. ಹಿಂಗೈಯ ಮೇಲೆ ಸವರಿದಳು, ಒಂದು. ಎರಡು. ನಿನ್ನೆ ಮೋಸ ಹೋದ ಕೈ, ಇವತ್ತು ತೆರೆಯಲಾರದು ಅಂದುಕೊಂಡಳು. ತೆರೆಯದಿದ್ದರೆ ಸಾಕಲ್ಲ, ನಾನು ಏನೂ ಹೇಳಬೇಕಾಗಿಲ್ಲವಲ್ಲ ಅಂತಲೂ ಅಂದುಕೊಂಡಳು. ಮೂರು. ತೆರೆದುಕೊಂಡಿತು. ಇನ್ನೂ ನಂಬಿತ್ತು ಆ ಕೈ. ಬೆರಳುಗಳು ಒಂದೊಂದೇ ಸರಿದು, ಸುಕ್ಕಿನ ಅಂಗೈ, ಅದರ ನಡುವೆ ನೀಲಿ ಹೆಬ್ಬೆರಳು.

ಲಕ್ಷ್ಮಯ್ಯ ಪ್ಯಾಡು ಮುಂದೆ ತಂದ. ಶಶಿ ಅವನ ಕೈಯನ್ನು ಅಡ್ಡ ತಳ್ಳಿ ಚೊಂಬಿನ ನೀರಿನಲ್ಲಿ ಸೀಗೆಕಾಯಿ ಅದ್ದಿ ಅಜ್ಜಿಯ ಬೆರಳನ್ನು ತೊಳೆಯತೊಡಗಿದಳು. ನೊರೆ ಬಂತು. ನೀರು ಹೊದಿಕೆಯ ಮೇಲೆ ಹರಿಯಿತು, ಮಂಚದ ಅಂಚಿನಿಂದ ಸಾಹೇಬರ ಚಪ್ಪಲಿಯ ಹತ್ತಿರ ತೊಟ್ಟಿಕ್ಕಿತು.

"ಏನ್ ಮಾಡ್ತಿದೀಯೇ?" ದೀಪಕ್ ಪಿಸುಗುಟ್ಟಿದ.

"ಏನಿದು ಬೆರಳಲ್ಲಿ? ಮಸಿ ಅಲ್ವಾ?" ಸಾಹೇಬರು ಬಗ್ಗಿದರು.

"ಎಲೆ ಅಡಿಕೆ ಸುಣ್ಣ ಸಾರ್, ಹಳೇ ಕಲೆ," ಅಂದ ಲಕ್ಷ್ಮಯ್ಯ.

"ನೀಲಿ ಸುಣ್ಣ ಎಲ್ಲಿ ಸಿಗತ್ತೆ ಲಕ್ಷ್ಮಯ್ಯ, ನಂಗೂ ಸ್ವಲ್ಪ ಕೊಡಿಸಿ," ಅಂದು ಸಾಹೇಬರು ನಗದೆ ಶಶಿಯ ಕಡೆ ತಿರುಗಿದರು. "ನೀನು ಹೇಳಮ್ಮ. ನೀನೇ ಸಾಕ್ಷಿ ಅಲ್ವಾ? ಹೆಬ್ಬೆಟ್ಟು ಯಾವಾಗ ಒತ್ತಿದ್ದು?"

ಓದಿ ಹೇಳಿದ್ರು. ಕೇಳ್ಕೊಂಡು ಒತ್ತಿದ್ರು. ನಾನು ನೋಡ್ದೆ. ಮೂರೂ ಮಾತು ಬಾಯಿಯ ಬಾಗಿಲಲ್ಲಿ ಸಾಲಾಗಿ ನಿಂತಿದ್ದವು, ತಪ್ಪಿಲ್ಲದೆ, ಮೊದಲ ಸಲ ಪಾಠ ಪೂರ್ತಿ ಬಾಯಿಗೆ ಬಂದಿತ್ತು. ಅಣ್ಣನ ಷರಟಿನ ಕಂಕುಳು ಒದ್ದೆಯಾದದ್ದು ಕಂಡಿತು. ಪತ್ರದ ಕೊನೆಯ ಹಾಳೆಯಲ್ಲಿ ಹೆಬ್ಬೆಟ್ಟಿನ ಆ ನೀಲಿ ಗುರುತು ಕಂಡಿತು, ಒಳಗೆಲ್ಲ ಸೀಳುಸೀಳು.

"ನಿನ್ನೆ," ಅಂದಳು.

"ನಿನ್ನೆನಾ?"

"ನಿನ್ನೆ ಮೂರು ಗಂಟೆಗೆ. ಅಜ್ಜಿಗೆ ಎಚ್ಚರ ಇರ್ಲಿಲ್ಲ." ದನಿ ಎಷ್ಟು ಸಣ್ಣಗಿತ್ತೆಂದರೆ ಅವರು ಕಿವಿ ಮುಂದೆ ತಂದಿದ್ದರು. "ಅಣ್ಣ ಅಲ್ಲ. ನಾನೇ ಮುಷ್ಟಿ ಬಿಡಿಸಿದ್ದು. ನಾನೇ ಒರೆಸಿ, ಹಿಡಿದು ಒತ್ತಿಸಿದ್ದು."

ಸಾಹೇಬರು ಮೂಗು ಒರೆಸಿಕೊಂಡು, ಪೆನ್ನಿಗೆ ಟೋಪಿ ಹಾಕಿ, ಪುಸ್ತಕ ಮುಚ್ಚಿದರು. "ಇದನ್ನ ನಾನು ತಗೊಳ್ಳಲ್ಲ. ನೀನು ಸಂಜೆ ಆಫೀಸಿಗೆ ಬಾ ಲಕ್ಷ್ಮಯ್ಯ, ನಿನ್ನ ಹತ್ರ ಮಾತಿದೆ," ಅಂದರು. ಹೋಗುವಾಗ ಚೆಲ್ಲಿದ ನೀರನ್ನು ದಾಟಿ, ಹುಷಾರಾಗಿ ಕಾಲಿಟ್ಟು ಹೋದರು. ಲಕ್ಷ್ಮಯ್ಯ "ಸಾರ್, ಸಾರ್, ಹುಡುಗಿಗೆ ಸ್ವಲ್ಪ ತಲೆ ಸರಿಯಿಲ್ಲ ಸಾರ್" ಅನ್ನುತ್ತ ಹಿಂದೆಯೇ ಓಡಿದ. ಜೀಪು ಹೊರಟಿತು.

ಶಶಿ ತೊಳೆಯುತ್ತಲೇ ಇದ್ದಳು. ಚೊಂಬು ಖಾಲಿಯಾಯಿತು. ಹನ್ನೆರಡು ದಾಟಿತ್ತು, ಹಿತ್ತಲ ಕಲ್ಲಿನ ಮೇಲೆ ಇವತ್ತು ನೀರಿರಲಿಲ್ಲ. ಅವಳಿಗೆ ಗೊತ್ತಿದ್ದ ಹಾಗೆ ಒಂದು ದಿನವೂ ಹಾಗಾಗಿರಲಿಲ್ಲ. ಕಿವಿಗೊಟ್ಟಳು. ಪಕ್ಕದ ಮನೆಯ ಕುಕ್ಕರ್ ಕೂಗಿತು. ಬಾಗಿಲಲ್ಲಿ ಯಾರೂ ನೀರು ಕೇಳಲಿಲ್ಲ. ಅಜ್ಜಿಯ ಬೆರಳನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದಳು. ನೀಲಿ ಸ್ವಲ್ಪ ತಿಳಿಯಾಗಿತ್ತು. ಹೋಗಿರಲಿಲ್ಲ. ನಾಳೆಯೂ ತೊಳೆಯಬೇಕು, ಅಂದುಕೊಳ್ಳುವಷ್ಟರಲ್ಲಿ ಕೈ ಮುಚ್ಚಿಕೊಂಡಿತು. ಅವಳ ಹೆಬ್ಬೆರಳು ಒಳಗೇ ಸಿಕ್ಕಿತು. ಅಷ್ಟು ಬಲ ಎಲ್ಲಿತ್ತೋ, ಗೆಣ್ಣು ನೋಯುವಷ್ಟು ಬಿಗಿಯಾಗಿ ಹಿಡಿಯಿತು. ಅಜ್ಜಿಯ ಮುಖ ನೋಡಿದಳು. ಕಣ್ಣು ಮುಚ್ಚಿತ್ತು. ಕ್ಷಮಿಸಿ ಹಿಡಿದದ್ದೋ, ಇನ್ನು ಬಿಡುವುದಿಲ್ಲ ಅಂತ ಹಿಡಿದದ್ದೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ.

ದೀಪಕ್ ಬಾಗಿಲಲ್ಲಿ ನಿಂತಿದ್ದ. ಬಿಳಿ ಷರಟಿನ ಗುಂಡಿಗಳನ್ನು ಬಿಚ್ಚುತ್ತಿದ್ದ, ಒಂದಾದ ಮೇಲೆ ಒಂದು, ನಿಧಾನವಾಗಿ. ಕೂಗಿದ್ದರೆ ಚೆನ್ನಾಗಿತ್ತು.

"ಹೊರಗೆ ಬಾ," ಅಂದ.

"ಕೈ ಸಿಕ್ಕಿದೆ ಅಣ್ಣ."

"ಬಿಡಿಸ್ಕೊಂಡು ಬಾ. ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಇನ್ನೊಂದು ಕೈ ಖಾಲಿಯಾಗೇ ಇತ್ತು. ಮೂರು ಸಲ ಸವರಿದರೆ ಸಾಕಿತ್ತು. ಅವಳು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು.